ಕಾರಿನ ಸಂಗೀತಕ್ಕೆ ಶ್ರುತಿ ಕೂಡಿಸುವುದು

ಸಂಗೀತ ಕೇಳಲು ಕಾರಿನ ಚಾಲಕನ ಸೀಟಿಗಿಂತ ಅನನುಕೂಲದ ಜಾಗ ಹುಡುಕುವುದು ಕಷ್ಟ. ಬಲಗಡೆಯ ಸ್ಪೀಕರ್ ಮೊಣಕಾಲಿನ ಪಕ್ಕದಲ್ಲೇ ಇರುತ್ತದೆ; ಎಡಗಡೆಯದ್ದು ಪಕ್ಕದ ಸೀಟಿನವರ ಕಾಲಿನಾಚೆ. ಮುಂದೆ ಇಳಿಜಾರಾದ ಗಾಜು, ಅಕ್ಕಪಕ್ಕ ಗಾಜು, ಕೆಳಗೆ ದನಿ ಹೀರುವ ಕಾರ್ಪೆಟ್ಟು. ಇವೆಲ್ಲದರ ಮೇಲೆ ಟೈರಿನದು, ಎಂಜಿನ್ನಿನದು, ಗಾಳಿಯದು ಬೇರೆ ಸದ್ದು. ಹಾಗಿದ್ದೂ ನಗರದಲ್ಲಿ ಕೆಲಸಕ್ಕೆ ಹೋಗಿಬರುವ ಎಷ್ಟೋ ಜನರಿಗೆ ನಿರಾತಂಕವಾಗಿ ಹಾಡು ಕೇಳಲು ಉಳಿದಿರುವ ಏಕೈಕ ಜಾಗ ಇದೇ. ಮನೆಯಲ್ಲಿ ಟೀವಿ, ಕಚೇರಿಯಲ್ಲಿ ಮಾತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗಲೇ ಒಂದು ಆಲಾಪ ಪೂರ್ತಿ ಕೇಳಿಸಿಕೊಳ್ಳಲು ಆಗುವುದು. ಆದ್ದರಿಂದ ಕಾರಿನ ದನಿಯನ್ನು ಸರಿಪಡಿಸುವುದನ್ನು ನಾನು ಶೋಕಿಯ ವಿಷಯವೆಂದು ಎಣಿಸುವುದಿಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ಯಾವುದೇ ಊರಿನ ಆಕ್ಸೆಸರಿ ಅಂಗಡಿಯವರೆಗೆ ಈ ಕೆಲಸಕ್ಕೆ ಒಂದು ರೂಢಿಯ ಕ್ರಮವಿದೆ. ಮೊದಲು ಹೊಸ ಸ್ಪೀಕರ್, ಆಮೇಲೆ ಆಂಪ್ಲಿಫೈಯರ್, ಅದಾದ ಮೇಲೆ ಡಿಕ್ಕಿಗೊಂದು ಸಬ್‌ವೂಫರ್. ಶ್ರುತಿ ಕೂಡಿಸುವ ಕೆಲಸ ಕೊನೆಯ ಹತ್ತು ನಿಮಿಷದ್ದು: ಬಾಸ್ ಮೇಲೆ, ಟ್ರೆಬಲ್ ಮೇಲೆ, ನಡುವಿನದು ಕೆಳಗೆ, ಮುಗಿಯಿತು. ಈ ಕ್ರಮ ತಲೆಕೆಳಗಾಗಬೇಕು ಎಂಬುದು ನನ್ನ ವಾದ. ಕಾರಿನಲ್ಲಿ ದನಿ ಕೆಡುವುದು ಬಹುಪಾಲು ಸ್ಪೀಕರಿನಿಂದಲ್ಲ. ಸ್ಪೀಕರ್ ಕೂತ ಬಾಗಿಲಿನಿಂದ ಮತ್ತು ನಾವು ಕೂತ ಜಾಗದಿಂದ. ಸಾಧಾರಣ ಸ್ಪೀಕರನ್ನು ಸರಿಯಾಗಿ ಕೂರಿಸಿ, ಸರಿಯಾಗಿ ಹೊಂದಿಸಿದರೆ ಅದು ಹೊಂದಿಸದ ದುಬಾರಿ ಸ್ಪೀಕರಿಗಿಂತ ಚೆನ್ನಾಗಿ ಹಾಡುತ್ತದೆ.

ಈ ತಿಳಿವಳಿಕೆ ಬರಲು ಉದ್ಯಮಕ್ಕೇ ಅರ್ಧ ಶತಮಾನ ಹಿಡಿಯಿತು. 1930ರಲ್ಲಿ ಷಿಕಾಗೊದ ಪಾಲ್ ಗ್ಯಾಲ್ವಿನ್ ಕಾರಿಗೆ ಹೊಂದುವ ರೇಡಿಯೊ ತಂದು ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟಾಗ, ಕಾರಿನಲ್ಲಿ ದನಿ ಬಂದದ್ದೇ ಸಾಧನೆ. ಒಂದೊಂದು ಕಾರಿನ ಒಳಗನ್ನೂ ಅಳೆದು, ಅದಕ್ಕೆ ತಕ್ಕಂತೆ ಸ್ಪೀಕರ್ ಮತ್ತು ಈಕ್ವಲೈಜರ್ ರೂಪಿಸುವ ಪದ್ಧತಿಗೆ ದೊಡ್ಡ ತಿರುವು ಸಿಕ್ಕಿದ್ದು 1980ರ ದಶಕದ ಆರಂಭದಲ್ಲಿ. ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ ಅವರ ಕಂಪನಿ ಜನರಲ್ ಮೋಟರ್ಸ್ ಜೊತೆ ಸೇರಿ 1983ರ ಮಾಡೆಲ್‌ನ ಕ್ಯಾಡಿಲಾಕ್ ಸೆವಿಲ್ ಕಾರಿಗೆ ವ್ಯವಸ್ಥೆಯೊಂದನ್ನು ಕೊಟ್ಟಿತು. ಎಲ್ಲ ಕಾರಿಗೂ ಒಂದೇ ಪೆಟ್ಟಿಗೆ ಎಂಬ ಯೋಚನೆ ಅಲ್ಲಿಂದ ಹಿಂದೆ ಸರಿಯಿತು. ಅಂದು ಪ್ರಯೋಗಾಲಯದಲ್ಲಿ ಮಾತ್ರ ಆಗುತ್ತಿದ್ದ ಅಳತೆ ಇಂದು ಒಂದು ಲ್ಯಾಪ್‌ಟಾಪ್, ಒಂದು ಮೈಕ್ ಮತ್ತು ದನಿಯ ಸಂಕೇತವನ್ನು ತಿದ್ದುವ ಅಂಗೈಯಗಲದ ಡಿಎಸ್‌ಪಿ ಪೆಟ್ಟಿಗೆಯಿಂದ ಸಾಧ್ಯ.

ಬಾಗಿಲಿನಿಂದ ಶುರು ಮಾಡೋಣ. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಮುಂದಿನ ಅಲೆ ಮತ್ತು ಹಿಂದಿನ ಅಲೆ ಪರಸ್ಪರ ವಿರುದ್ಧ. ಎರಡೂ ಸೇರಿದರೆ ಒಂದನ್ನೊಂದು ನುಂಗುತ್ತವೆ, ಮಂದ್ರದ ದನಿಯಲ್ಲಂತೂ ಪೂರಾ. ಬಾಗಿಲಿನ ಒಳಪ್ಯಾನೆಲ್ ಬಿಚ್ಚಿದರೆ ಕಿಟಕಿ ಯಂತ್ರಕ್ಕಾಗಿ ಬಿಟ್ಟ ದೊಡ್ಡ ತೂತುಗಳು ಕಾಣುತ್ತವೆ. ಅವುಗಳ ಮೇಲೆ ಬರೀ ಪ್ಲಾಸ್ಟಿಕ್ ಹಾಳೆ. ಇಂಥ ಬಾಗಿಲಿಗೆ ಹೆಚ್ಚು ವ್ಯಾಟ್ ಕೊಡುವುದು ತಳ ಒಡೆದ ಕೊಡಕ್ಕೆ ನೀರು ಸುರಿದ ಹಾಗೆ. ಆ ತೂತುಗಳನ್ನು ಗಟ್ಟಿಯಾಗಿ ಮುಚ್ಚಬೇಕು. ಸ್ಪೀಕರಿನ ಸುತ್ತ ಅಂಚಿಗೆ ಫೋಮ್ ಕೊಟ್ಟು ಗಾಳಿ ಸೋರದಂತೆ ಮಾಡಬೇಕು. ಹೊರತಗಡು ಕಂಪಿಸದಂತೆ ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಬೇಕು. ಶೀಟನ್ನು ಇಡೀ ತಗಡಿಗೆ ಎರಡೆರಡು ಪದರ ಅಂಟಿಸುವವರಿದ್ದಾರೆ. ತಗಡಿನ ಗುಂಯ್‌ಗುಟ್ಟುವಿಕೆ ನಿಲ್ಲಿಸಲು ಅದರ ಕಾಲುಭಾಗದಿಂದ ಮೂರನೇ ಒಂದು ಭಾಗಕ್ಕೆ ಅಂಟಿಸಿದರೂ ಸಾಕು. ಉಳಿದದ್ದು ಬಾಗಿಲಿನ ತೂಕ ಮತ್ತು ಬಿಲ್ಲಿನ ಮೊತ್ತ ಏರಿಸುತ್ತದೆ ಅಷ್ಟೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಕಿಟಕಿ ಗಾಜಿನ ಮೇಲಿಂದ ಇಳಿಯುವ ಮಳೆನೀರು ಬಾಗಿಲಿನೊಳಗೇ ಹರಿದು ತಳದ ಸಣ್ಣ ರಂಧ್ರಗಳಿಂದ ಹೊರಹೋಗುತ್ತದೆ. ಆ ರಂಧ್ರ ಮುಚ್ಚಿಬಿಟ್ಟರೆ ಕರಾವಳಿಯ ಒಂದು ಮಳೆಗಾಲ ಸಾಕು, ಬಾಗಿಲು ಒಳಗಿಂದ ತುಕ್ಕು ಹಿಡಿಯಲು. ಮಲೆನಾಡಿನಲ್ಲಿ ಓಡಾಡುವವರು ಚಾವಣಿಯ ತಗಡಿಗೂ ಶೀಟ್ ಹಾಕಿಸಬಹುದು. ಮಳೆ ಬಡಿಯುವ ಸದ್ದು ತಗ್ಗಿದರೆ ಸಂಗೀತವನ್ನು ಏರಿಸಬೇಕಾದ ಪ್ರಮೇಯ ಬರುವುದಿಲ್ಲ.

ಇನ್ನು ಕಾಲದ ಪ್ರಶ್ನೆ. ನನ್ನ ಮಟ್ಟಿಗೆ ಇಡೀ ವಿಷಯದ ಹೃದಯ ಇರುವುದು ಇಲ್ಲಿ.

ದನಿ ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುತ್ತದೆ, ಎಂದರೆ ಒಂದು ಮಿಲಿಸೆಕೆಂಡಿಗೆ ಹೆಚ್ಚುಕಡಿಮೆ 34 ಸೆಂಟಿಮೀಟರ್. ಬಲಗಡೆ ಕೂತ ಚಾಲಕನಿಗೆ ಬಲ ಸ್ಪೀಕರ್ 90 ಸೆಂಟಿಮೀಟರ್, ಎಡ ಸ್ಪೀಕರ್ 140 ಸೆಂಟಿಮೀಟರ್ ದೂರವಿದೆ ಎನ್ನಿ. ಬಲದ ದನಿ ಸುಮಾರು 1.45 ಮಿಲಿಸೆಕೆಂಡ್ ಮೊದಲೇ ಬಂದು ಮುಟ್ಟುತ್ತದೆ. ಇದು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ನಮ್ಮ ತಲೆಯ ಅಳತೆ ನೋಡಬೇಕು. ಪೂರ್ತಿ ಒಂದು ಪಕ್ಕದಿಂದ ಬರುವ ದನಿಯೂ ಎರಡು ಕಿವಿಗಳ ನಡುವೆ ಉಂಟುಮಾಡುವ ಅಂತರ 0.6ರಿಂದ 0.7 ಮಿಲಿಸೆಕೆಂಡ್ ಮಾತ್ರ. ಕಾರಿನ ಅಂತರ ಅದರ ಇಮ್ಮಡಿ. ಒಂದೇ ದನಿ ಎರಡು ಕಡೆಯಿಂದ ಕೆಲವೇ ಮಿಲಿಸೆಕೆಂಡ್ ಅಂತರದಲ್ಲಿ ಬಂದರೆ ಮೊದಲು ಬಂದ ದಿಕ್ಕನ್ನೇ ಮಿದುಳು ನಂಬುತ್ತದೆ ಎಂಬುದನ್ನು ಜರ್ಮನಿಯ ಗೋಟಿಂಗೆನ್‌ನಲ್ಲಿ ಹೆಲ್ಮುಟ್ ಹಾಸ್ 1949ರಲ್ಲೇ ವಿವರವಾಗಿ ಪರೀಕ್ಷಿಸಿದ್ದರು. ಆದ್ದರಿಂದಲೇ ಗಾಯಕಿ ವೇದಿಕೆಯ ನಡುವೆ ನಿಂತು ಹಾಡುವ ಬದಲು ಬಲಬಾಗಿಲಿನ ಜೇಬಿನೊಳಗಿಂದ ಹಾಡಿದ ಹಾಗೆ ಕೇಳುವುದು.

ಹಾನಿ ದಿಕ್ಕಿಗಷ್ಟೇ ನಿಲ್ಲುವುದಿಲ್ಲ. 50 ಸೆಂಟಿಮೀಟರ್ ಎಂದರೆ 345 ಹರ್ಟ್ಜ್ ದನಿಯ ಅಲೆಯ ಸರಿಯಾಗಿ ಅರ್ಧ. ಎರಡೂ ಸ್ಪೀಕರಿನಿಂದ ಬಂದ ಆ ಸ್ವರ ನಮ್ಮ ತಲೆಯ ಹತ್ತಿರ ಎದುರುಬದುರಾಗಿ ಸೇರಿ ಕುಗ್ಗಿಹೋಗುತ್ತದೆ. ಮನುಷ್ಯನ ಕಂಠದ ತುಂಬುತನ ಇರುವುದೇ ಆ ಆಸುಪಾಸಿನಲ್ಲಿ. ಹಾಡುವವರ ದನಿ ಕಾರಿನಲ್ಲಿ ತೆಳ್ಳಗೆ ಕೇಳುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಈ ಲೆಕ್ಕವೇ. ಈಕ್ವಲೈಜರಿನಲ್ಲಿ ಆ ಜಾಗವನ್ನು ಎತ್ತಿದರೆ ಎರಡೂ ಕಡೆಯ ಅಲೆ ಒಟ್ಟಿಗೇ ಏರುತ್ತದೆ, ಹೊಡೆದಾಟವೂ ಅಷ್ಟೇ ಏರುತ್ತದೆ, ಗುಂಡಿ ಗುಂಡಿಯಾಗಿಯೇ ಉಳಿಯುತ್ತದೆ.

ಮದ್ದು ಸರಳ. ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ಬಿಡುವುದು. ಡಿಎಸ್‌ಪಿಯಲ್ಲಿ, ಈಗ ಡ್ಯಾಶ್‌ಬೋರ್ಡಿನಲ್ಲಿರುವ ಎಷ್ಟೋ ಹೆಡ್ ಯೂನಿಟ್‌ಗಳಲ್ಲೂ, ಇದಕ್ಕೆ ಟೈಮ್ ಅಲೈನ್‌ಮೆಂಟ್ ಎಂಬ ಪುಟವಿರುತ್ತದೆ. ಟೇಪು ಹಿಡಿದು ಪ್ರತಿ ಸ್ಪೀಕರಿನಿಂದ ಮೂಗಿನ ತುದಿಯವರೆಗೆ ಅಳೆದು, ಎಲ್ಲಕ್ಕಿಂತ ದೂರದ್ದನ್ನು ಸೊನ್ನೆಗಿಟ್ಟು, ಉಳಿದವಕ್ಕೆ ವ್ಯತ್ಯಾಸ ತುಂಬಿದರೆ ಮುಕ್ಕಾಲು ಕೆಲಸ ಮುಗಿದಂತೆ. ಸಬ್‌ವೂಫರಿಗೆ ಮಾತ್ರ ಟೇಪಿನ ಲೆಕ್ಕ ಸಾಲದು, ಏಕೆಂದರೆ ಅದರ ಪೆಟ್ಟಿಗೆ ಮತ್ತು ಫಿಲ್ಟರ್ ತಮ್ಮದೇ ವಿಳಂಬ ಸೇರಿಸುತ್ತವೆ. ಅದಕ್ಕೆ ಬಲ್ಲವರು ಮಾಡುವ ಉಪಾಯವೊಂದಿದೆ: ಸಬ್‌ವೂಫರಿನ ಪೋಲಾರಿಟಿಯನ್ನು (ಪ್ಲಸ್-ಮೈನಸ್) ಉಲ್ಟಾ ಮಾಡಿ, ಅದು ಮತ್ತು ಬಾಗಿಲಿನ ವೂಫರ್ ಕೂಡುವ 80 ಹರ್ಟ್ಜ್ ಸುತ್ತಿನ ದನಿ ನುಡಿಸುತ್ತ, ಆ ದನಿ ಅತಿ ಹೆಚ್ಚು ಸೊರಗುವವರೆಗೆ ವಿಳಂಬವನ್ನು ತಿದ್ದುವುದು, ಆಮೇಲೆ ಪೋಲಾರಿಟಿಯನ್ನು ಮೊದಲಿನಂತೆ ಮಾಡುವುದು. ಆಗ ಎರಡೂ ಒಂದಾಗಿ ಹೆಜ್ಜೆ ಇಡುತ್ತವೆ, ಡಿಕ್ಕಿಯಲ್ಲಿ ಗುದ್ದುತ್ತಿದ್ದ ಬಾಸ್ ಮುಂದಿನ ಡ್ಯಾಶ್‌ಬೋರ್ಡಿಗೆ ಬಂದು ಕೂರುತ್ತದೆ. ಇದನ್ನು ಮೊದಲ ಸಲ ಕೇಳಿದವರ ಮುಖ ಅರಳುವುದನ್ನು ನೋಡಿದ್ದೇನೆ. ಹಣ ಕೊಟ್ಟು ಕೊಂಡ ಯಾವ ಉಪಕರಣವೂ ಅಷ್ಟು ಸಂತೋಷ ಕೊಟ್ಟದ್ದನ್ನು ನೋಡಿಲ್ಲ.

ಯಾವ ಸ್ವರ ಯಾವ ಸ್ಪೀಕರಿಗೆ ಎಂದು ಕೆಲಸ ಹಂಚುವುದು ಕ್ರಾಸ್‌ಓವರಿನ ಪಾಲು. ಬಾಗಿಲಿನ ಆರೂವರೆ ಇಂಚಿನ ವೂಫರ್ ಸುಮಾರು ಎರಡೂವರೆ ಸಾವಿರ ಹರ್ಟ್ಜ್ ದಾಟಿದ ಮೇಲೆ ದನಿಯನ್ನು ಟಾರ್ಚಿನ ಬೆಳಕಿನಂತೆ ನೇರಕ್ಕೆ ಮಾತ್ರ ಎಸೆಯುತ್ತದೆ. ಅದು ನೋಡುತ್ತಿರುವುದು ನಮ್ಮ ಕಾಲನ್ನು, ಕಿವಿಯನ್ನಲ್ಲ. ಅಲ್ಲಿಂದ ಮುಂದಿನ ಭಾರವನ್ನು ಗಾಜಿನ ಪಕ್ಕದ ಕಂಬದಲ್ಲಿ ಕೂತ ಟ್ವೀಟರ್ ಹೊರಬೇಕು. ಟ್ವೀಟರನ್ನು ತೀರ ಕೆಳಗಿನವರೆಗೆ ಹಾಡಿಸಿದರೆ ಅದು ಸುಟ್ಟುಹೋಗುತ್ತದೆ. ತೀರ ಮೇಲೆ ತಡೆದರೆ ಗಾಯಕನ ಕಂಠ ಕಾಲಿನ ಬಳಿಯೇ ಉಳಿಯುತ್ತದೆ. ಎರಡೂವರೆಯಿಂದ ಮೂರೂವರೆ ಸಾವಿರ ಹರ್ಟ್ಜ್ ನಡುವೆ ಎಲ್ಲೋ ರಾಜಿ ಸಿಗುತ್ತದೆ. ಆ ಗಡಿಯಲ್ಲಿ ದನಿ ತಗ್ಗುವ ಇಳಿಜಾರು ಎಷ್ಟು ಕಡಿದಾಗಿರಬೇಕು ಎಂಬ ವಾದ ಹಳೆಯದು. ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಎಂಜಿನಿಯರ್ ಝೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ಸಹೋದ್ಯೋಗಿ ರಸ್ ರೈಲಿಯ ಹೆಸರೂ ಸೇರಿ ಲಿಂಕ್‌ವಿಟ್ಜ್–ರೈಲಿ ಎನಿಸಿಕೊಂಡ ಫಿಲ್ಟರ್, ಪ್ರತಿ ಸಪ್ತಕಕ್ಕೆ 24 ಡೆಸಿಬಲ್ ಇಳಿಯುವ ಬಗೆಯದು, ಇಂದು ಹೆಚ್ಚಿನವರ ಆಯ್ಕೆ. ಕೂಡುವ ಬಿಂದುವಿನಲ್ಲಿ ಎರಡೂ ಸ್ಪೀಕರ್ ಅರ್ಧರ್ಧ ಒತ್ತಡ ಕೊಟ್ಟು, ಒಂದೇ ಹೆಜ್ಜೆಯಲ್ಲಿ ಸೇರುತ್ತವೆ. ಬೇರೆ ಬಗೆಗಳಿಗೂ ಸಮರ್ಥಕರಿದ್ದಾರೆ. ಕಾರಿನಲ್ಲಿ ಪ್ರತಿಫಲನಗಳ ಗದ್ದಲವೇ ಹೆಚ್ಚಿರುವುದರಿಂದ ಸೂಕ್ಷ್ಮ ವ್ಯತ್ಯಾಸಗಳಿಗೆ ಜಗಳವಾಡುವುದರಲ್ಲಿ ಅರ್ಥ ಕಡಿಮೆ.

ವ್ಯಾಟಿನ ಬಗ್ಗೆ ಎರಡು ಮಾತು ಸಾಕು. ಹೆಡ್ ಯೂನಿಟ್ ಡಬ್ಬದ ಮೇಲೆ ನಾಲ್ಕು ಚಾನೆಲ್‌ಗೆ ತಲಾ 50 ವ್ಯಾಟ್ ಎಂದು ಬರೆದಿರುತ್ತದೆ. ಎಂಜಿನ್ ಓಡುವಾಗ ಸಿಗುವುದು 14.4 ವೋಲ್ಟ್, ಅದನ್ನು ನೇರವಾಗಿ 4 ಓಮ್ ಸ್ಪೀಕರಿಗೆ ಕೊಟ್ಟರೆ, ಯಾವ ನಷ್ಟವೂ ಇಲ್ಲವೆಂದುಕೊಂಡರೂ, ವಿರೂಪವಿಲ್ಲದೆ ಬರಬಹುದಾದದ್ದು ಸುಮಾರು 26 ವ್ಯಾಟ್. ವಾಸ್ತವದಲ್ಲಿ 20ರ ಆಸುಪಾಸು. ಆಂಪ್ಲಿಫೈಯರ್ ಹಾಕಿಸುವುದರ ಉಪಯೋಗ ಇಲ್ಲಿದೆ. ಆದರೆ ಅದರ ಗೇನ್ ತಿರುಪು ವಾಲ್ಯೂಮ್ ಅಲ್ಲ. ಹೆಡ್ ಯೂನಿಟ್ ವಿರೂಪವಿಲ್ಲದೆ ಕೊಡುವ ಗರಿಷ್ಠ ಮಟ್ಟಕ್ಕೆ ಆಂಪ್ಲಿಫೈಯರಿನ ಗರಿಷ್ಠ ಮಟ್ಟವನ್ನು ಹೊಂದಿಸುವ ಸಾಧನ ಅದು. ಆಸಿಲೋಸ್ಕೋಪ್ ಇಟ್ಟು ಅಲೆಯ ತಲೆ ಚಪ್ಪಟೆಯಾಗದಂತೆ ನೋಡಿ ನಿಲ್ಲಿಸಬೇಕು. ಬ್ಯಾಟರಿಯಿಂದ ಎಳೆದ ತಂತಿಗೆ ಬ್ಯಾಟರಿಯ ಹತ್ತಿರದಲ್ಲೇ, 45 ಸೆಂಟಿಮೀಟರ್ ಒಳಗೆ, ಫ್ಯೂಸ್ ಇರಲೇಬೇಕು. ಇದು ದನಿಯ ಮಾತಲ್ಲ, ಬೆಂಕಿಯ ಮಾತು. ಇದರಲ್ಲಿ ಉಳಿತಾಯ ಮಾಡುವ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು.

ಈಕ್ವಲೈಜರ್ ಕೊನೆಯದು, ಅತಿ ಹೆಚ್ಚು ದುರುಪಯೋಗವಾಗುವುದೂ ಅದೇ. ಎಡ-ಬಲ ಎರಡಕ್ಕೂ ಒಂದೇ ಗೆರೆ ಎಳೆಯುವ ಈಕ್ವಲೈಜರ್ ಕಾರಿಗೆ ಸಾಲದು. ಬಲ ಸ್ಪೀಕರಿನ ದನಿ ಸ್ಟೀರಿಂಗಿನ ಕೆಳಗಿಂದ, ಎಡದ್ದು ಗೇರ್ ಕನ್ಸೋಲಿನ ಮೇಲಿಂದ ಬರುತ್ತದೆ; ಎರಡರ ಏರಿಳಿತ ಬೇರೆ. 400 ಹರ್ಟ್ಜ್‌ನಲ್ಲಿ ಬಲ ಜೋರು, 900ರಲ್ಲಿ ಎಡ ಜೋರು ಇದ್ದರೆ ಒಂದೇ ಗಾಯಕನ ಸ್ವರ ಆರೋಹಣದಲ್ಲಿ ಬಲದಿಂದ ಎಡಕ್ಕೆ ನಡೆದಾಡುತ್ತದೆ. ಆದ್ದರಿಂದ ಪ್ರತಿ ಸ್ಪೀಕರನ್ನೂ ಒಂಟಿಯಾಗಿ ನುಡಿಸಿ, ಅಳೆದು, ಎರಡೂ ಕಡೆಯನ್ನು ಒಂದೇ ಗೆರೆಗೆ ತರುವುದು ಸರಿಯಾದ ದಾರಿ. ಇದನ್ನು ಮಾಡುವಾಗ ಎತ್ತುವುದಕ್ಕಿಂತ ತಗ್ಗಿಸುವುದು ಮೇಲು. ಗುಡ್ಡವನ್ನು ಕಡಿಯಬಹುದು, ಅಲೆಗಳ ಹೊಡೆದಾಟದಿಂದ ಆದ ಗುಂಡಿಯನ್ನು ತುಂಬಲಾಗದು.

ಆ ಒಂದೇ ಗೆರೆ ಯಾವುದು? ಇಲ್ಲಿ ಎರಡು ಪಂಥಗಳಿವೆ. ಗೆರೆ ನೇರವಾಗಿರಬೇಕು, ಧ್ವನಿಮುದ್ರಣದಲ್ಲಿ ಇರುವುದಷ್ಟೇ ಬರಬೇಕು ಎಂಬುದು ಒಂದು. ಕಾರಿನಲ್ಲಿ ಅದು ಒಣಗಿದಂತೆ, ಕಿರುಚಿದಂತೆ ಕೇಳುತ್ತದೆ ಎಂಬುದು ಅನುಭವ. ಹಾರ್ಮನ್ ಸಂಸ್ಥೆಯಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಕೇಳುಗರಿಗೆ ಯಂತ್ರ ಯಾವುದೆಂದು ತಿಳಿಯದಂತೆ ನಡೆಸಿದ ಪರೀಕ್ಷೆಗಳು ತೋರಿಸಿದ್ದು, ಕೋಣೆಯೊಳಗೆ ಜನ ಮೆಚ್ಚುವುದು ಮಂದ್ರದಿಂದ ತಾರಕ್ಕೆ ನಯವಾಗಿ ಇಳಿಯುವ ಗೆರೆಯನ್ನು. ಕಾರಿಗೆ ಈ ಇಳಿಜಾರು ಇನ್ನೂ ಹೆಚ್ಚು ಬೇಕು, ಏಕೆಂದರೆ ರಸ್ತೆಯ ಸದ್ದಿನ ಬಹುಪಾಲು ಮಂದ್ರದಲ್ಲೇ ಇದ್ದು ಅಲ್ಲಿನ ಸಂಗೀತವನ್ನು ಮುಚ್ಚಿಬಿಡುತ್ತದೆ. ಜೊತೆಗೆ, ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ತೋರಿಸಿದ ಹಾಗೆ, ದನಿ ಕಡಿಮೆಯಿದ್ದಾಗ ಕಿವಿ ಮಂದ್ರವನ್ನು ಇನ್ನಷ್ಟು ಕಡಿಮೆ ಗ್ರಹಿಸುತ್ತದೆ. ಹೀಗಾಗಿ ಕಾರನ್ನು ಹೊಂದಿಸುವವರು 40 ಹರ್ಟ್ಜ್ ಸುತ್ತಿನ ಮಟ್ಟವನ್ನು ನಡುವಿನ ಸ್ವರಗಳಿಗಿಂತ 8ರಿಂದ 12 ಡೆಸಿಬಲ್ ಮೇಲಿಡುವುದು ವಾಡಿಕೆ. ಕಾರಿನ ಒಳಗಿನ ಸಣ್ಣ ಜಾಗವೂ ಇದಕ್ಕೆ ನೆರವಾಗುತ್ತದೆ: ಅಲೆಯ ಉದ್ದದ ಅರ್ಧ ಕಾರಿನ ಒಳಗಿನ ಉದ್ದವನ್ನು ಮೀರಿದ ಮೇಲೆ ಒಳಗಿನ ಗಾಳಿ ಒಟ್ಟಾಗಿ ಒತ್ತಿಕೊಂಡು ಮಂದ್ರ ತಾನಾಗಿಯೇ ಬಲಗೊಳ್ಳುತ್ತದೆ. ನಾನು ಎರಡನೆಯ ಪಂಥದವನು. ಆದರೆ ಬಾಸ್ ಎಷ್ಟೇ ಏರಲಿ, ಅದು ಕಂಠದ ಮೇಲೆ ಹತ್ತಿ ಕೂರಬಾರದು.

ಅಳತೆಯೋ ಕಿವಿಯೋ ಎಂಬ ಜಗಳವೂ ಇದೆ. ಜಾನ್ ಮಲ್‌ಕಾಹಿ ಬರೆದು ಉಚಿತವಾಗಿ ಕೊಟ್ಟಿರುವ ರೂಮ್ ಈಕ್ಯೂ ವಿಜರ್ಡ್ ತಂತ್ರಾಂಶ ಮತ್ತು ಕ್ಯಾಲಿಬ್ರೇಟ್ ಮಾಡಿದ ಒಂದು ಯುಎಸ್‌ಬಿ ಮೈಕ್ ಇದ್ದರೆ, ಪಿಂಕ್ ನಾಯ್ಸ್ ಎಂಬ ಪರೀಕ್ಷೆಯ ಸದ್ದನ್ನು ನುಡಿಸಿ ತಲೆ ಇರುವ ಜಾಗದಲ್ಲೆಲ್ಲ ಮೈಕನ್ನು ನಿಧಾನವಾಗಿ ಆಡಿಸಿ ಸರಾಸರಿ ತೆಗೆಯಬಹುದು. ಅಳತೆ ಇಲ್ಲದೆ ಬರೀ ಕಿವಿಯಿಂದ ಹೊಂದಿಸುವವರು ದಿನವಿಡೀ ಸುತ್ತು ಹೊಡೆಯುತ್ತಾರೆ. ಕಿವಿ ದಣಿಯುತ್ತದೆ, ನಿನ್ನೆಯ ತೀರ್ಪು ಇಂದು ಉಳಿಯುವುದಿಲ್ಲ. ಆದರೆ ಮೈಕಿಗೆ ದಿಕ್ಕು ತಿಳಿಯದು. ಗಾಯಕ ಎಲ್ಲಿ ನಿಂತಿದ್ದಾನೆ ಎಂದು ಹೇಳಬಲ್ಲದ್ದು ಕಿವಿ ಮಾತ್ರ. ಮೊದಲ ತೊಂಬತ್ತು ಪಾಲು ಮೈಕಿಗೆ, ಕೊನೆಯ ಹತ್ತು ಕಿವಿಗೆ ಎಂಬ ಹಂಚಿಕೆಯನ್ನು ನಾನು ಒಪ್ಪುತ್ತೇನೆ.

ಆ ಕೊನೆಯ ಹತ್ತಕ್ಕೆ ಯಾವ ಹಾಡು ಎಂಬುದರಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಹಾಡಿದ ಅರವತ್ತರ ದಶಕದ ಚಿತ್ರಗೀತೆಗಳು ಮೋನೊ ಮುದ್ರಣಗಳು. ಎರಡೂ ಸ್ಪೀಕರಿಗೆ ಒಂದೇ ಸಂಕೇತ ಹೋಗುತ್ತದೆ. ಆದ್ದರಿಂದ ಸರಿಯಾಗಿ ಹೊಂದಿಸಿದ ಕಾರಿನಲ್ಲಿ ಇಡೀ ಹಾಡು ಡ್ಯಾಶ್‌ಬೋರ್ಡಿನ ನಡುವೆ ಒಂದೇ ಬಿಂದುವಿನಲ್ಲಿ ನಿಲ್ಲಬೇಕು. ಮೇಲಿನ ಸ್ವರಕ್ಕೆ ಹೋದಾಗ ಅಲುಗಿದರೆ ಎಡ-ಬಲ ಇನ್ನೂ ಹೊಂದಿಲ್ಲ ಎಂದರ್ಥ. ಕೃತಕವಾಗಿ ಸ್ಟೀರಿಯೊ ಮಾಡಿದ ಪ್ರತಿ ಬೇಡ, ಮೂಲದ್ದೇ ಬೇಕು. ಸ, ಶ, ಷ ಎಂಬ ಅಕ್ಷರಗಳು ಸೀಳಿದಂತೆ ಕೇಳಿದರೆ ಐದರಿಂದ ಎಂಟು ಸಾವಿರ ಹರ್ಟ್ಜ್ ನಡುವೆ ಟ್ವೀಟರ್ ಹೆಚ್ಚಾಗಿದೆ. ಭೀಮಸೇನ ಜೋಶಿಯವರ ಯಾವುದಾದರೂ ವಿಲಂಬಿತ ಖಯಾಲ್ ಹಾಕಿ, ಕಂಠದ ಹಿಂದೆ ತಂಬೂರಿಯ ಜೀವಾಳ ಬಿಡದೆ ಕೇಳುತ್ತದೆಯೇ ನೋಡಿ; ಅದು ಮರೆಯಾದರೆ ಮೇಲಿನ ಹರಾತ್ಮಕಗಳು ಸೊರಗಿವೆ. ಮೃದಂಗದ ಬಲಭಾಗಕ್ಕೆ ಸ್ಪಷ್ಟ ಶ್ರುತಿ ಇರುವುದೇಕೆ ಎಂದು ಸಿ.ವಿ. ರಾಮನ್ 1920ರಲ್ಲೇ ಸಹಲೇಖಕರೊಬ್ಬರ ಜೊತೆ ನೇಚರ್ ಪತ್ರಿಕೆಯಲ್ಲಿ ಬರೆದಿದ್ದರು: ನಡುವಿನ ಕಪ್ಪು ಕರಣೆ ಅದರ ಅನುಸ್ವರಗಳನ್ನು ತಂತಿವಾದ್ಯದಂತೆ ಹೊಂದಿಸುತ್ತದೆ. ಕಾರಿನಲ್ಲಿ ಆ ಶ್ರುತಿ ಕೇಳದೆ ಬರೀ ಬಡಿತ ಕೇಳಿದರೆ ಕೆಲಸ ಇನ್ನೂ ಬಾಕಿ. ಚಂಡೆಯ ಮುದ್ರಣವಿದ್ದರಂತೂ ಬಾಗಿಲಿನ ಯಾವ ಕ್ಲಿಪ್ ಸಡಿಲವಿದೆ ಎಂದು ಅದೇ ಹೇಳಿಬಿಡುತ್ತದೆ.

ಬಗೆಹರಿಯದ ಪ್ರಶ್ನೆಯೊಂದಿದೆ: ಯಾರ ಸೀಟಿಗೆ? ಚಾಲಕನಿಗೆ ಹೊಂದಿಸಿದ ವಿಳಂಬ ಪಕ್ಕದವರಿಗೆ ಇಮ್ಮಡಿ ತಪ್ಪು. ಇಬ್ಬರಿಗೂ ಒಟ್ಟಿಗೆ ಸರಿಹೋಗುವ ಒಂದೇ ವಿಳಂಬ ಇಲ್ಲ. ಡ್ಯಾಶ್‌ಬೋರ್ಡಿನ ನಡುವೆ ಒಂದು ಸ್ಪೀಕರ್ ಇಟ್ಟು ಕಂಠವನ್ನು ಅಲ್ಲಿಗೆ ಕಳಿಸುವುದು ಕಂಪನಿಗಳು ಕಂಡುಕೊಂಡ ದಾರಿ. ಹಿಂದಿನ ಸೀಟಿನ ಮಾತು ಬೇರೆ. ಐಯಾಸ್ಕಾ, ಎಮ್ಮಾ ಮುಂತಾದ ಕಾರ್ ಆಡಿಯೊ ಸಂಘಟನೆಗಳ ಧ್ವನಿಗುಣಮಟ್ಟದ ಸ್ಪರ್ಧೆಗಳಲ್ಲಿ ಹಿಂದಿನ ಸ್ಪೀಕರ್‌ಗಳಿಗೆ ಬೆಲೆಯೇ ಕಡಿಮೆ. ನಮ್ಮ ಕಾರುಗಳು ಸ್ಪರ್ಧೆಗೆ ಹೋಗುವುದಿಲ್ಲ. ಧರ್ಮಸ್ಥಳಕ್ಕೋ ಊರ ಜಾತ್ರೆಗೋ ಅಪ್ಪ, ಅಮ್ಮ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೋಗುತ್ತವೆ. ಹಿಂದಿನವರಿಗೂ ಕೇಳಬೇಕು. ಡಿಎಸ್‌ಪಿಯಲ್ಲಿ ಎರಡು ಪ್ರಿಸೆಟ್ ಉಳಿಸಿಕೊಳ್ಳುವುದನ್ನು ನಾನು ಒತ್ತಿ ಹೇಳುತ್ತೇನೆ: ಒಬ್ಬರೇ ಹೋಗುವಾಗಿನದು ಒಂದು, ಎಲ್ಲರೂ ಇರುವಾಗಿನದು ಒಂದು.

ಹೊಸ ಕಾರುಗಳಲ್ಲಿ ಲೆಕ್ಕ ಬದಲಾಗುತ್ತಿದೆ. ಮಹೀಂದ್ರಾ ಎಕ್ಸ್‌ಯುವಿ 700ರಲ್ಲಿ ಸೋನಿಯ 12 ಸ್ಪೀಕರ್, ಹ್ಯುಂಡೈ ಕ್ರೆಟಾದಲ್ಲಿ ಬೋಸ್‌ನ 8 ಸ್ಪೀಕರ್ ಇರುವ ಆವೃತ್ತಿಗಳು ಬಂದಿವೆ. ಕಾರ್ಖಾನೆಯಲ್ಲೇ ಒಳಗನ್ನು ಅಳೆದು ಹೊಂದಿಸಿ ಕಳಿಸುತ್ತಾರೆ. ಅಂಥವನ್ನು ಕಿತ್ತುಹಾಕುವ ಮುನ್ನ ಹತ್ತು ಸಲ ಯೋಚಿಸಬೇಕು. ಕಂಪನಿಯ ಹೆಡ್ ಯೂನಿಟ್ಟಿನಿಂದ ಹೊರಬರುವ ಸಂಕೇತವನ್ನು ಆಗಲೇ ಆ ಕಾರಿನ ಸ್ಪೀಕರಿಗೆ ತಕ್ಕಂತೆ ತಿರುಚಿರುತ್ತಾರೆ. ಕೆಲವು ವಾಲ್ಯೂಮ್ ಏರಿದಂತೆ ಬಾಸನ್ನು ತಾವೇ ತಗ್ಗಿಸುತ್ತವೆ. ಹೊಸ ಸ್ಪೀಕರ್ ಹಾಕಿದರೆ ಹಳೆಯ ತಿದ್ದುಪಡಿ ಹೊಸ ಕಾಯಿಲೆಯಾಗುತ್ತದೆ. ಆ ಸಂಕೇತವನ್ನು ಮೊದಲು ಅಳೆದು, ಡಿಎಸ್‌ಪಿಯಲ್ಲಿ ನೇರ ಮಾಡಿ, ಆಮೇಲೆ ಮುಂದುವರಿಯಬೇಕು. ವಾರಂಟಿಯ ಪ್ರಶ್ನೆಯೂ ಇದೆ; ತಂತಿ ಕತ್ತರಿಸದೆ ಕಪ್ಲರ್ ಮೂಲಕ ಸೇರಿಸಿಕೊಡುವವರನ್ನೇ ಹುಡುಕಬೇಕು.

ಎಷ್ಟು ಜೋರು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಒಂದು ಮಿತಿ ಕೊಟ್ಟಿದೆ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್‌ಗೂ ಹೊತ್ತು ಅರ್ಧ. 89ಕ್ಕೆ ಏರಿದರೆ ವಾರಕ್ಕೆ 5 ಗಂಟೆ ಅಷ್ಟೆ. ದಿನಾ ಎರಡು ಗಂಟೆ ಕಾರಿನಲ್ಲಿ ಕಳೆಯುವವರಿಗೆ ಇದು ದೂರದ ಲೆಕ್ಕವಲ್ಲ.

ಒಂದು ರೂಪಾಯಿ ಖರ್ಚಿಲ್ಲದೆ ಇಂದೇ ಮಾಡಬಹುದಾದದ್ದೂ ಇದೆ. ಸರೌಂಡ್, ಲೈವ್, ರಾಕ್ ಎಂಬ ಬಟನ್‌ಗಳನ್ನೆಲ್ಲ ಆರಿಸಿ. ಬಾಸ್, ಟ್ರೆಬಲ್ ಸೊನ್ನೆಗೆ ತನ್ನಿ. ಒಬ್ಬರೇ ಇರುವಾಗ ಫೇಡರನ್ನು ಮೂರ್ನಾಲ್ಕು ಹೆಜ್ಜೆ ಮುಂದಕ್ಕೆ, ಬ್ಯಾಲೆನ್ಸನ್ನು ಎರಡು ಹೆಜ್ಜೆ ಎಡಕ್ಕೆ ಸರಿಸಿ. ಕಾಲದ ಅಂತರ ಹೋಗದಿದ್ದರೂ ಬಲದ ಜುಲುಮೆ ತಗ್ಗುತ್ತದೆ. ಮೋನೊ ಹಾಡೊಂದನ್ನು ಹಾಕಿ ಫೇಡರನ್ನು ಪೂರ್ತಿ ಮುಂದಕ್ಕೆ ತಂದಾಗ ದನಿ ನೆಲೆಯಿಲ್ಲದೆ ಹರಡಿಕೊಂಡು ಬಾಸ್ ಮಾಯವಾಗಿದ್ದರೆ, ಒಂದು ಬಾಗಿಲಿನ ಸ್ಪೀಕರಿಗೆ ಪ್ಲಸ್-ಮೈನಸ್ ಅದಲುಬದಲಾಗಿರುವ ಸಾಧ್ಯತೆ ಬಹಳ. ಅದನ್ನು ಸರಿಪಡಿಸಲು ಬೇಕಾದದ್ದು ಪ್ಯಾನೆಲ್ ಬಿಚ್ಚುವ ಪ್ಲಾಸ್ಟಿಕ್ ಪಟ್ಟಿ, ಒಂದು ಸ್ಕ್ರೂಡ್ರೈವರ್, ಅರ್ಧ ಗಂಟೆ.